ಮೌಸ್ ಇಲ್ಲದ ಗಲ್ಲಾ

ದೆಹಲಿ ಪಕ್ಕದ ಇಂದಿರಾಪುರಂನ ತಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತು ಸ್ನೇಹಲತಾ ಚಿಲ್ಲರೆ ಕೊಡುತ್ತಿದ್ದಳೋ ವಿಚಾರಣೆ ನಡೆಸುತ್ತಿದ್ದಳೋ ಹೇಳುವುದು ಕಷ್ಟ. ಗಿರಾಕಿಯ ಊರು, ಕೆಲಸ, ಮಗುವಿನ ಹಲ್ಲುನೋವು, ಎಲ್ಲವೂ ಅವಳಿಗೆ ಬೇಕು. ಉಡುಪಿ ಕಡೆಯಿಂದ ಬಂದವಳು ಹಿಂದಿ ಕಲಿತದ್ದೇ ಹೀಗೆ. ಸಕ್ಕರೆ ಕಾಯಿಲೆ ಕಣ್ಣು ಕಿತ್ತುಕೊಂಡ ಮೇಲೆ ಗಲ್ಲಾ ಗಂಡ ಜಯಾನಂದನ ಪಾಲಾಯಿತು. ಮನೆಯಲ್ಲಿ ಕೂತು ಅವಳು ಯಾರನ್ನು ವಿಚಾರಿಸಬೇಕು?

ಸುಮ್ಮನಿರುವ ಜೀವವಲ್ಲ. ದೆಹಲಿಯ ಒಂದು ತರಗತಿಗೆ ಹೋಗಿ ಕಂಪ್ಯೂಟರ್ ಕಲಿತಳು. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೊಂದಿತ್ತು. ಅದು ದೋಸೆಗೆ ಇಂಗ್ಲಿಷಿನವರ ಹಾಗೆ 'ಡೋಜಾ' ಎಂದರೂ ಅವಳು ಸಹಿಸಿಕೊಂಡಳು.

೨೦೦೮ರಲ್ಲಿ ಅವಳ ಅಕ್ಕನ ಮಗ ದೀಕ್ಷಿತ್, ನೋಯ್ಡಾದಲ್ಲಿ ವೆಬ್‌ಸೈಟ್ ಮಾಡುವ ಕೆಲಸದವನು, ಹೋಟೆಲಿಗೊಂದು ವೆಬ್‌ಸೈಟ್ ಮಾಡಿದ. ಆಫೀಸಿನವರು ಅದರಲ್ಲೇ ತಿಂಡಿ ಹೇಳಬಹುದು.

"ಆ ಆರ್ಡರ್ ಎಲ್ಲ ನಾನೇ ತಗೊಳ್ತೇನೆ. ಗಲ್ಲಾದಲ್ಲೇ ಕೂತು," ಎಂದಳು ಸ್ನೇಹಲತಾ.

ಜಯಾನಂದ ತಲೆ ಕೆರೆದುಕೊಂಡ. "ಮಾಡಿ ನೋಡು. ಆಗದಿದ್ರೆ ಬೇರೆ ಯಾರನ್ನಾದರೂ ಇಡುವ."

ಇದೊಂದು ತಪ್ಪಿದರೆ ಗಲ್ಲಾ ಇನ್ನು ಅವಳ ಕೈಗೆ ಬರುವಂತಿರಲಿಲ್ಲ.

ವೆಬ್‌ಸೈಟ್ ತೆರೆದದ್ದೇ ತಡ, ವೀಣೆ ಶುರುವಾಯಿತು. ಕಣ್ಣಿಲ್ಲದವರಿಗೆ ಅನುಕೂಲವಾಗಲೆಂದು ಜಯಾನಂದನೇ ಹೇಳಿ ಹಾಕಿಸಿದ್ದ. ಆ ಸದ್ದಿನಲ್ಲಿ ಓದುವ ದನಿ ಮುಳುಗಿಹೋಯಿತು.

"ಒಬ್ಬಳು ಓದ್ತಿದ್ದಾಳೆ, ಒಬ್ಬಳು ವೀಣೆ ಬಾರಿಸ್ತಿದ್ದಾಳೆ. ನಾನು ಯಾರನ್ನು ಕೇಳಲಿ ಮಾರಾಯ?"

ದೀಕ್ಷಿತ್ ವೀಣೆ ನಿಲ್ಲಿಸಿ, ಪರೀಕ್ಷೆಗೆಂದು ಒಂದು ಸುಳ್ಳು ಆರ್ಡರ್ ಕಳಿಸಿದ. "ಚಲೋ ಚಿಕ್ಕಮ್ಮ, ಬಂತು! ಅದನ್ನ ಮೌಸಲ್ಲಿ ಎಳೆದು ಅಡುಗೆಮನೆ ಅಂತ ಇರೋ ಕಡೆ ಬಿಡಿ."

"ಬಂತು ಅಂತ ನಿನಗೆ ಹೇಗೆ ಗೊತ್ತಾಯ್ತು?"

"ಕೆಂಪು ಬತ್ತಿ ಮಿನುಗುತ್ತಲ್ಲ..."

"ಅಚ್ಛಾ! ಹಾಗಾದ್ರೆ ಗಿರಾಕಿ ಸದ್ದಿಲ್ಲದೆ ಬಂದು ಕೂತ ಹಾಗಾಯ್ತು. ನೀನು ಪರದೆ ಆರಿಸಿ, ಮೌಸ್ ಆಚೆ ಇಟ್ಟು ಮಾಡಿ ನೋಡು. ಏನಾಗ್ತದೆ ಅಂತ ನನಗೂ ಗೊತ್ತಾಗಲಿ."

ದೀಕ್ಷಿತ್ ಕೀಲಿಮಣೆ ಒತ್ತುತ್ತ ಹೋದ. 'ಬಟನ್, ಬಟನ್, ಬಟನ್' ಎಂದಿತು ದನಿ. ಯಾವುದಕ್ಕೂ ಹೆಸರಿಟ್ಟಿರಲಿಲ್ಲ. ತಾನೇ ಕಟ್ಟಿದ ಮನೆಯಲ್ಲಿ ಬಾಗಿಲು ಸಿಗದೆ ಬೆವರಿದ. ಸ್ನೇಹಲತಾ ಬಿದ್ದು ಬಿದ್ದು ನಕ್ಕಳು.

ಅಲ್ಲಿಂದ ಅವನು ಆಫೀಸು ಮುಗಿಸಿ ನೇರ ಹೋಟೆಲಿಗೇ ಬರತೊಡಗಿದ. ಬಟನ್ನುಗಳಿಗೆ ಹೆಸರು ಬಂತು. ಆರ್ಡರ್ ಬಂದರೆ ದನಿ ಕೂಗಿ ಹೇಳಿತು. ಎಳೆಯುವ ರಗಳೆ ಹೋಗಿ ಒಂದು ಕೀಲಿ ಒತ್ತಿದರೆ ಸಾಕಾಯಿತು. ಅವಳ ಪ್ರಶ್ನೆಗಳು ಮಾತ್ರ ಮುಗಿಯಲಿಲ್ಲ. ಒಟ್ಟಿಗೆ ಎರಡು ಬಂದರೆ? ತಪ್ಪಿ ಒತ್ತಿದರೆ ಹಿಂದಕ್ಕೆ ಬರುತ್ತದೆಯೇ? ಒಂದೊಂದು ಪ್ರಶ್ನೆಗೂ ಹುಡುಗ ಮತ್ತೆ ಕೂತು ಬರೆದ.

ಕೊನೆಗೆ ಒಂದು ಸೋಮವಾರ, ಮಧ್ಯಾಹ್ನದ ನೂಕುನುಗ್ಗಲಿನಲ್ಲಿ, ಅವಳು ಗಲ್ಲಾದಲ್ಲಿ ಕೂತಳು. ಆರ್ಡರುಗಳು ಬಂದವು, ಒಳಗೆ ಹೋದವು. ಜಯಾನಂದ ಬೆನ್ನ ಹಿಂದೆ ನಿಂತಿದ್ದ. ಅಷ್ಟರಲ್ಲಿ ಅಡುಗೆಮನೆಯಿಂದ ಕೂಗು ಬಂತು: ನೀರುದೋಸೆ ಹಿಟ್ಟು ಆಗಲೇ ಖಾಲಿ, ಆರ್ಡರ್ ಮಾತ್ರ ಬರುತ್ತಲೇ ಇದೆ.

"ಏನು ಮಾಡ್ತಿದ್ದೀ ನೀನು?" ಜಯಾನಂದ ರೇಗಿದ. "ಇದೆಯೋ ಇಲ್ಲವೋ ಕೇಳಿ ತಗೊಳ್ಳಬಾರದಾ? ಗಿರಾಕಿಗೆ ಈಗ ಯಾರು ಉತ್ತರ ಹೇಳೋದು?"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

"ಮುಗಿದದ್ದನ್ನು ನನಗೆ ಹೇಳಬೇಕಾದವರು ಯಾರು?" ಸ್ನೇಹಲತಾಳ ದನಿ ಬೀದಿಗೂ ಕೇಳಿಸಿತು. "ನನ್ನ ಬೆನ್ನ ಹಿಂದೆ ಕಂಬದ ಹಾಗೆ ನಿಂತು ಏನು ಮಾಡ್ತಿದ್ದೀರಿ? ಹೋಗಿ, ಒಳಗೆ ಏನೇನು ಉಂಟು ನೋಡಿ ಬನ್ನಿ!"

ಜಯಾನಂದ ಸರಸರನೆ ಒಳಗೆ ಹೋದ.

ಕಣ್ಣು ಹೋದಂದಿನಿಂದ ಅವಳನ್ನು ಯಾರೂ ಹೀಗೆ ಗದರಿರಲಿಲ್ಲ. ಗದರುವಂಥ ಕೆಲಸವನ್ನು ಯಾರೂ ಅವಳ ಕೈಗೆ ಕೊಟ್ಟಿರಲೂ ಇಲ್ಲ. ಅವಳಿಗೆ ಎಷ್ಟು ಸಂತೋಷವಾಗಿತ್ತೆಂದರೆ, ಮುಂದಿನ ಆರ್ಡರನ್ನು ದನಿ ಎರಡು ಸಲ ಕೂಗಿದ ಮೇಲೆಯೇ ಅವಳ ಕೈ ಕೀಲಿಮಣೆಗೆ ಹೋಯಿತು.