ಗುಡ್ಡದ ಆ ಕಡೆಗೆ ಹೋದ ಡ್ರೋನ್

ಇಂಥ ಕಥೆಗಳನ್ನು ಬೇರೆಯವರು ಹೇಳಿದಾಗ ಮೊದಲು ನಗುತ್ತಿದ್ದವನು ನಾನೇ. ಯಾರಾದರೂ ‘ಯಾರೋ ಕರೆದ ಹಾಗಾಯಿತು’ ಎಂದರೆ, ಕಿವಿ ತೊಳೆಸಿಕೊಂಡು ಬನ್ನಿ ಎನ್ನುತ್ತಿದ್ದೆ. ಈಗ ಅಂಥದೊಂದನ್ನು ಹೇಳಲು ನಾನೇ ಕೂತಿದ್ದೇನೆ. ನೀವು ನಕ್ಕರೆ ನನ್ನ ತಕರಾರಿಲ್ಲ.

ನನ್ನ ಕೆಲಸ ಡ್ರೋನ್ ಹಾರಿಸುವುದು. ಚನ್ನಗಿರಿಯಿಂದ ಜಗಳೂರಿನವರೆಗೆ ಯಾರಿಗೆ ಹೊಲದ ಫೋಟೋ ಬೇಕಿದ್ದರೂ ಡ್ರೋನಿನ ಪೆಟ್ಟಿಗೆಯನ್ನು ಬೈಕಿಗೆ ಕಟ್ಟಿಕೊಂಡು ಹೊರಡುತ್ತೇನೆ. ಬೈಕಿನ ಹಿಂದಿನ ಸೀಟಿನಲ್ಲಿ ನನ್ನ ಗೆಳೆಯ ರಫಿ. ಡ್ರೋನ್ ಹಾರಿಸುವವನ ಕಣ್ಣಿಗೆ ಅದು ಸದಾ ಕಾಣುತ್ತಿರಬೇಕು, ಕಣ್ಣಳತೆ ದಾಟಿಸಬೇಕಾದರೆ ಬೇರೆಯೇ ಅನುಮತಿ ಬೇಕು ಎಂಬುದು ನಿಯಮ. ಆದ್ದರಿಂದ ರಫಿ ಹೊಲದ ಇನ್ನೊಂದು ತುದಿಯಲ್ಲಿ ನಿಂತು, ಮರವೋ ವೈರೋ ಅಡ್ಡ ಬಂದರೆ ವಾಕಿಟಾಕಿಯಲ್ಲಿ ಹೇಳುತ್ತಾನೆ. ಕಾಗದದಲ್ಲಿ ಅವನ ಹುದ್ದೆ ವೀಕ್ಷಕ.

ಮೊದಲು ನಾವು ಎಡ, ಬಲ ಎನ್ನುತ್ತಿದ್ದೆವು. ನ್ಯಾಮತಿಯಲ್ಲೊಮ್ಮೆ ಎದುರುಬದುರು ನಿಂತಿದ್ದಾಗ ಅವನ ಎಡ ನನಗೆ ಬಲವಾಗಿ ಡ್ರೋನ್ ಕೆರೆಗೆ ಬಿತ್ತು. ಹಿಡಿಯಲು ಹಾರಿದ ನಾನೂ ಬಿದ್ದೆ. ಡ್ರೋನ್ ಎತ್ತಲು ಒಬ್ಬ ಸಾಕಾದ, ನನ್ನನ್ನು ಎತ್ತಲು ಅರ್ಧ ಊರು ಬೇಕಾಯಿತು. ಅಂದಿನಿಂದ ಎಡಬಲ ಬಿಟ್ಟು ‘ಊರ ಕಡೆ’, ‘ರಸ್ತೆ ಕಡೆ’ ಎಂದೇ ಹೇಳುವುದು.

ಮೂರು ವರ್ಷದ ಹಿಂದೆ ಜಗಳೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಮೆಕ್ಕೆಜೋಳದ ಹೊಲದ ಕೆಲಸ ಮುಗಿಸಿ ಹೊರಟಿದ್ದೆವು. ಹೊತ್ತು ಇಳಿಯುತ್ತಿತ್ತು. ಹಾಲಮ್ಮ ಎಂಬ ಹೆಂಗಸು ಏದುಸಿರು ಬಿಡುತ್ತಾ ಬಂದರು. ಅವರ ಗಂಡ ನಿಂಗಪ್ಪ ಬೆಳಿಗ್ಗೆ ಕುರಿ ಹೊಡೆದುಕೊಂಡು ಗುಡ್ಡದ ಹಿಂದಕ್ಕೆ ಹೋಗಿದ್ದರಂತೆ.

“ಕುರಿ ಬಂದಾವೆ, ಮನುಷ್ಯ ಬಂದಿಲ್ಲ. ಸಕ್ಕರೆ ಕಾಯಿಲೆ ಐತೆ, ಬುತ್ತಿ ಬ್ಯಾರೆ ಮನ್ಯಾಗೇ ಬಿಟ್ಟು ಹೋಗ್ಯಾರೆ. ಹುಡುಕಾಕೆ ಹೋದೋರಿಗೂ ಸಿಕ್ಕಿಲ್ಲ. ನಿಮ್ಮ ಆ ಹಕ್ಕೀನ ಒಂದ್ ಸಲ ಆ ಕಡೆ ಕಳ್ಸಪ್ಪ.”

ಗುಡ್ಡದ ಹಿಂದೆ ಕರೆಂಟು ತಯಾರಿಸುವ ಗಾಳಿ ಫ್ಯಾನುಗಳಿವೆ. ಕಾಣದೆ ಹಾರಿಸಿದ ಡ್ರೋನ್ ಅವುಗಳ ರೆಕ್ಕೆಗೆ ಸಿಕ್ಕರೆ ಚೂರುಚೂರು. ಆ ಚೂರು ಹುಡುಕುತ್ತಿರುವವರ ತಲೆಯ ಮೇಲೇ ಬೀಳಬಹುದು. ನನ್ನ ಲೈಸೆನ್ಸ್ ಅಂತೂ ಹೋದಂತೆಯೇ.

“ಕಣ್ಣಿಗೆ ಕಾಣದಷ್ಟು ದೂರ ಬಿಡಂಗಿಲ್ಲಮ್ಮ” ಎಂದೆ.

“ಕಣ್ಣಿಗೆ ಕಾಣಂಗಿದ್ರೆ ನಿನ್ನ ಯಾಕಪ್ಪ ಕೇಳ್ತಿದ್ದೆ” ಎಂದರು.

ರಫಿ ಆಗಲೇ ವಾಕಿಟಾಕಿ ಎತ್ತಿಕೊಂಡಿದ್ದ. “ನಾನು ಗುಡ್ಡದ ತುದಿಗೆ ಹತ್ತಿ ನೋಡಿ ಹೇಳ್ತೀನಿ ಕಣೋ. ಅಲ್ಲಿವರ್ಗೂ ದಾಟಿಸಬ್ಯಾಡ. ಇಲ್ಲಿ ಬೀಳಾಕೆ ನಿಂಗೆ ಕೆರೆನೂ ಇಲ್ಲ” ಎಂದು ಓಡಿದ.

ಡ್ರೋನನ್ನು ಗುಡ್ಡದ ಈಚೆ ಮೇಲಕ್ಕೇರಿಸಿ ನಿಲ್ಲಿಸಿಕೊಂಡು ಕಾದೆ. ಬ್ಯಾಟರಿ ಕರಗುತ್ತಿತ್ತು. ಕೊನೆಗೆ ನನ್ನ ವಾಕಿಟಾಕಿ ಗೊರಗೊರ ಅಂದಿತು. “ದಾಟ್ಸು.”

ದಾಟಿಸಿದೆ. ಡ್ರೋನ್ ಗುಡ್ಡದ ಹಿಂದೆ ಇಳಿದ ಕೂಡಲೇ ಪರದೆಯ ಚಿತ್ರ ನಿಂತುಹೋಯಿತು, ರಿಮೋಟು ಮಾತ್ರ ಇನ್ನೂ ಕೆಲಸ ಮಾಡುತ್ತಿತ್ತು. ಈಗ ನನಗೆ ಉಳಿದಿದ್ದು ಆ ದನಿಯೊಂದೇ.

“ನಿಲ್ಸು. ಮುಂದೆ ಫ್ಯಾನು ಐತೆ.”

ನಿಲ್ಲಿಸಿದೆ.

“ಬಾವಿ ಕಡೆ ಬಾ ತಮ್ಮಾ.”

ಯಾವ ಬಾವಿ ಎಂದು ಎರಡು ಸಲ ಕೇಳಿದೆ. ಪಕ್ಕದಲ್ಲಿದ್ದ ಹಾಲಮ್ಮ ಕೈ ಚಾಚಿದರು. “ಹಳೇ ಬಾವಿ ಐತೆ, ಗುಡ್ಡದ ಮ್ಯಾಲಿನ ಆ ಬೋಳು ಬಂಡೆ ನೇರಕ್ಕೆ. ಬತ್ತಿ ಎಷ್ಟೋ ಕಾಲ ಆತು.” ಆ ನೇರಕ್ಕೆ ನಿಧಾನವಾಗಿ ಸರಿಸಿದೆ.

“ಇನ್ನೊಂಚೂರು. ಹಾಂ, ಅಲ್ಲೇ. ಕೆಳಗೆ ನೋಡು.”

ಕ್ಯಾಮೆರಾ ಕೆಳಕ್ಕೆ ತಿರುಗಿಸಿ ಫೋಟೋದ ಗುಂಡಿಯನ್ನು ಕುರುಡನಂತೆ ಒತ್ತುತ್ತಾ ಹೋದೆ. ಬ್ಯಾಟರಿ ಕೆಂಪಾದಾಗ ಡ್ರೋನನ್ನು ಎತ್ತರಕ್ಕೇರಿಸಿ ವಾಪಸ್ ಕರೆದೆ. ಅದು ಗುಡ್ಡದ ಮೇಲೆ ಮತ್ತೆ ಚುಕ್ಕೆಯಾಗಿ ಕಾಣುವವರೆಗೆ ಹಾಲಮ್ಮ ನನ್ನ ಅಂಗಿಯ ತುದಿ ಹಿಡಿದೇ ಇದ್ದರು.

ಇಳಿದ ಡ್ರೋನಿನ ಕಾರ್ಡನ್ನು ಫೋನಿಗೆ ಹಾಕಿ ನೋಡಿದೆವು. ಮುರಿದ ಬಾವಿಕಟ್ಟೆ, ಅದರ ಪಕ್ಕ ಒಂದು ಕರಿ ಮುದ್ದೆ. ನನಗೆ ಬಂಡೆಯಂತೆ ಕಂಡಿತು. “ನಮ್ಮ ಕಂಬಳಿ” ಎಂದರು ಹಾಲಮ್ಮ.

ಊರಿನವರು ಹೋಗಿ ಹೊತ್ತು ತಂದರು. ಅರೆಪ್ರಜ್ಞೆಯಲ್ಲಿದ್ದ ನಿಂಗಪ್ಪನವರನ್ನು ಜಗಳೂರಿನ ಆಸ್ಪತ್ರೆಗೆ ಸೇರಿಸಿದೆವು. ಜೀವ ಉಳಿಯಿತು.

ಆಸ್ಪತ್ರೆಯ ಅಂಗಳದಲ್ಲಿ ರಫಿಯ ಬೆನ್ನು ತಟ್ಟಿ, ಬಾವಿ ನಿಂಗೆ ಹೆಂಗೆ ಗೊತ್ತಾತೋ ಎಂದೆ. ಅವನು ನನ್ನ ಮುಖವನ್ನೇ ನೋಡಿದ.

“ಯಾವ ಬಾವಿ? ವಾಕಿಟಾಕಿ ಗುಂಡಿ ಒತ್ತಿದ್ರೆ ಲೈಟೇ ಬರ್ಲಿಲ್ಲ. ನಾನು ತುದಿನೂ ಮುಟ್ಟಿಲ್ಲ, ಜಾಲಿ ಮುಳ್ಳು ತುಳಿದು ಅರ್ಧದಾಗೇ ಕುಂತಿದ್ದೆ. ನಿನ್ನ ಡ್ರೋನು ತಲೆ ಮ್ಯಾಲೆ ದಾಟಿ ಹೋತು. ಇವ್ನು ಹೇಳೋ ಮುಂಚೆನೇ ಬಿಟ್ನಲ್ಲ ಅಂತ ಬೈಕಂಡು ಇಳಿದೆ.”

ಆಗ ನನಗೆ ನೆನಪಾಯಿತು. ಜೇಬಿಗೆ ಕೈ ಹಾಕಿದೆ. ಅವನ ವಾಕಿಟಾಕಿಯ ಮೂರು ಸೆಲ್ಲುಗಳು ಅಲ್ಲಿದ್ದವು. ಸತ್ತ ಸೆಟ್ಟಿಗೆ ಅವನು ಅರಚುವುದನ್ನು ನೋಡಿ ನಗೋಣವೆಂದು, ಬೆಳಿಗ್ಗೆ ಅವನು ಚಹಾ ಕುಡಿಯುವಾಗ ನಾನೇ ತೆಗೆದಿದ್ದೆ. ಹೊಲ ಚಿಕ್ಕದಾಗಿದ್ದರಿಂದ ದಿನವಿಡೀ ಸೆಟ್ಟು ಬೇಕಾಗಲಿಲ್ಲ, ನಾನು ಮರೆತೇಬಿಟ್ಟೆ. ಒಬ್ಬ ಮನುಷ್ಯನ ಜೀವ ತೂಗುತ್ತಿದ್ದಾಗ ನನ್ನ ತಮಾಷೆ ನನ್ನ ಜೇಬಿನಲ್ಲೇ ಕೂತಿತ್ತು.

ಬೇರೆ ಯಾರದೋ ಸೆಟ್ಟಿನ ಮಾತು ಸೇರಿಕೊಂಡಿರಬೇಕೆಂದು ಮರುದಿನ ಫ್ಯಾನುಗಳ ಕಾವಲುಗಾರನನ್ನು ಕೇಳಿದೆ. ಅಲ್ಲಿ ಯಾರ ಬಳಿಯೂ ವಾಕಿಟಾಕಿ ಇಲ್ಲ, ಎಲ್ಲರದೂ ಫೋನಂತೆ. ನಿಂಗಪ್ಪನವರು ಯಾರನ್ನೂ ಕಂಡಿರಲಿಲ್ಲ. ನನ್ನ ಭ್ರಮೆ ಎನ್ನೋಣವೆಂದರೆ ಹಾಲಮ್ಮ ಬಿಡಲಿಲ್ಲ. “ಬಾವಿ ಅಂದಿದ್ದು ಕೇಳೇ ಅಲ್ವೇನಪ್ಪ ನಾನು ಕೈ ತೋರ್ಸಿದ್ದು” ಎಂದರು. ರಫಿ ನನ್ನನ್ನು ಏನೇನೋ ಕರೆದಿದ್ದಾನೆ, ತಮ್ಮಾ ಎಂದು ಮಾತ್ರ ಒಮ್ಮೆಯೂ ಕರೆದಿಲ್ಲ.

ಪ್ರತಿ ಹಾರಾಟಕ್ಕೂ ನಮ್ಮ ಪುಸ್ತಕದಲ್ಲಿ ಒಂದು ಪುಟವಿದೆ. ಆ ದಿನದ ಪುಟದಲ್ಲಿ ನಿಯಮ ಮುರಿದದ್ದನ್ನು ಬರೆದು ನಾನು ಸಹಿ ಮಾಡಿದ್ದೇನೆ. ರಫಿ ಮಾತ್ರ ವೀಕ್ಷಕನಾಗಿ ಸಹಿ ಹಾಕಲು ಒಪ್ಪಲಿಲ್ಲ. “ನಿನ್ನ ಎಲ್ಲಾ ತಪ್ಪಿಗೂ ಸೈನ್ ಹಾಕಿದೀನಿ. ನಾನು ನೋಡದೇ ಇದ್ದಿದ್ದಕ್ಕೆ ಹಾಕಲ್ಲ.”

ಈಗ ಕಣ್ಣಳತೆಯಾಚೆ ಹಾರಿಸುವ ಅನುಮತಿಗೆ ಅರ್ಜಿ ಹಾಕುತ್ತಿದ್ದೇನೆ, ಹಳೆಯ ಪುಟಗಳನ್ನೆಲ್ಲ ಲಗತ್ತಿಸಬೇಕು. ನಿನ್ನೆ ಆ ಪುಟ ತೆರೆದು ಕೂತಿದ್ದೆ. ‘ವೀಕ್ಷಕರ ಹೆಸರು’ ಎಂಬಲ್ಲಿ ಪೆನ್ನು ಊರಿ ತೆಗೆದ ಒಂದು ಚುಕ್ಕೆ ಇದೆ. ಅದರ ಮುಂದೆ ಏನು ಬರೆಯಬೇಕೋ ನನಗೆ ಇನ್ನೂ ತಿಳಿದಿಲ್ಲ.