ಐದನೆಯ ಹೆಂಗಸು

ಸಿಡ್ನಿಯ ಆ ಪಿಸ್ತೂಲ್ ಪಂದ್ಯದಲ್ಲಿ ಪ್ರೊಡಕ್ಷನ್ ವಿಭಾಗಕ್ಕೆ ಹೆಸರು ಕೊಟ್ಟ ಹೆಂಗಸರು ಐದೇ ಜನ. ಐವರಿದ್ದರೆ ಮಾತ್ರ ಹೆಂಗಸರಿಗೆ ಬೇರೆ ಪದಕ. ಒಬ್ಬಳು ಕಡಿಮೆಯಾದರೂ ಉಳಿದವರನ್ನೆಲ್ಲ ಗಂಡಸರ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ. ಐದನೆಯವಳು ನಾನು. ಗೆಲ್ಲುವ ಯೋಗ್ಯತೆ ನನಗಿರಲಿಲ್ಲ. ಆದರೆ ಬಿಟ್ಟುಹೋಗುವ ಹಾಗೂ ಇರಲಿಲ್ಲ.

ಮೆಲ್ಬರ್ನಿನಲ್ಲಿ ಮೊದಲು ಕ್ಲಬ್ಬಿಗೆ ಸೇರಿದವರು ನಮ್ಮವರು. ಓಡುತ್ತಾ, ಮರೆಯಿಂದ ಇಣುಕುತ್ತಾ, ಕಾಗದದ ಗುರಿಗಳಿಗೂ ಕಬ್ಬಿಣದ ತಟ್ಟೆಗಳಿಗೂ ಹೊಡೆಯುವ ಆಟ. ಆಮೇಲೆ ಕಾನೂನು ಬದಲಾಯಿತು. ಮೋಟು ನಳಿಗೆಯ ಪಿಸ್ತೂಲು, ಹತ್ತಕ್ಕಿಂತ ಹೆಚ್ಚು ಗುಂಡು ಹಿಡಿಯುವ ಮ್ಯಾಗಜೀನು, ಎಲ್ಲವನ್ನೂ ಸರ್ಕಾರಕ್ಕೆ ಒಪ್ಪಿಸಬೇಕಾಯಿತು. ಒಪ್ಪಿಸಿ ಬಂದ ದಿನ ಇವರು ಕಲಸಿದ ಸಾರನ್ನವನ್ನು ಹಾಗೇ ಬಿಟ್ಟು ಎದ್ದರು. ಎಲ್ಲರಿಗೂ ಹತ್ತೇ ಗುಂಡು ಅಂದಮೇಲೆ ದುಬಾರಿ ಪಿಸ್ತೂಲಿನ ಮೋಹ ಹಲವರಿಗೆ ಬಿಟ್ಟಿತು. ಕಾರ್ಖಾನೆಯಿಂದ ಬಂದ ಹಾಗೇ ಹೊಡೆಯುವ ಪ್ರೊಡಕ್ಷನ್ ವಿಭಾಗಕ್ಕೆ ಜನ ಬಂದರು. "ಇದಕ್ಕೆ ಅಲಂಕಾರ ಇಲ್ಲ ಕಣೇ, ನಿನ್ನ ಹಾಗೆ," ಎಂದು ನಗಿಸಿ ಇವರು ನನಗೂ ಲೈಸೆನ್ಸ್ ಮಾಡಿಸಿದರು.

ಹತ್ತೇ ಗುಂಡು ಅಂದರೆ ಬೆಲ್ಟಿನಲ್ಲಿ ಮ್ಯಾಗಜೀನುಗಳು ಹೆಚ್ಚು ಬೇಕು. ಪ್ರೊಡಕ್ಷನ್ ವಿಭಾಗದಲ್ಲಿ ಅವೆಲ್ಲ ಸೊಂಟದ ಮೂಳೆಗಿಂತ ಹಿಂದೆಯೇ ಇರಬೇಕು. ಇವರ ಸೊಂಟದಲ್ಲಿ ಬೇಕಾದಷ್ಟು ಜಾಗ. ನನ್ನದು ಚಿಕ್ಕದು. "ನಿಮ್ಮ ಕಡೆ ಒಂದು ಸೈಟು ಕೊಡಿ," ಎಂದು ನಾನೂ ರೇಗಿಸುತ್ತಿದ್ದೆ.

ಆ ನಗು ಸಿಡ್ನಿಯ ಕೊನೆಯ ಸುತ್ತಿನಲ್ಲಿ ಉಡುಗಿತು. ನನ್ನ ಸರದಿ ಬಂದಾಗ ತೀರ್ಪುಗಾರರು, ಬಿಳಿಗಡ್ಡದ ಹಿರಿಯರು, ಬೆಲ್ಟಿನಲ್ಲಿದ್ದ ಮ್ಯಾಗಜೀನು ಚೀಲಗಳಲ್ಲಿ ಮೊದಲನೆಯದನ್ನು ಪೆನ್ನಿನಿಂದ ತೋರಿಸಿದರು.

"ಇದು ಮೂಳೆಗಿಂತ ಮುಂದಿದೆ. ಹಿಂದಕ್ಕೆ ಸರಿಸಿ. ಇಲ್ಲದಿದ್ದರೆ ನಿಮ್ಮನ್ನು ಓಪನ್ ವಿಭಾಗಕ್ಕೆ ಹಾಕಬೇಕಾಗುತ್ತದೆ."

ಹಿಂದೆ ಬೆರಳು ತೂರಿಸುವಷ್ಟೂ ಜಾಗವಿರಲಿಲ್ಲ. ಓಪನ್ ಅಂದರೆ ಅಲಂಕಾರದ ಪಿಸ್ತೂಲಿನವರ ವಿಭಾಗ, ನಾನು ಅಲ್ಲಿಗೆ ಹೋದರೆ ಇಲ್ಲಿ ಹೆಂಗಸರು ನಾಲ್ಕೇ ಜನ.

"ಹಿಂದಿನ ಜೇಬಿನಲ್ಲಿ ಇಟ್ಟುಕೊಳ್ಳಬಹುದು," ಎಂದರು ಅವರೇ ಕನಿಕರದಿಂದ.

ಕೈ ಹಾಕಿದೆ. ಮೆಲ್ಬರ್ನಿನ ಡ್ಯಾಂಡಿನಾಂಗ್ ಪೇಟೆಯಲ್ಲಿ ಕೊಂಡ ಪ್ಯಾಂಟು. ಜೇಬಿನ ಬಾಯಿಗೆ ಹೊಲಿಗೆ ಹಾಕಿದ್ದರು, ಒಳಗೆ ಜೇಬೇ ಇಲ್ಲ. ಹೆಂಗಸರ ಬಟ್ಟೆ ಹೊಲಿಯುವವರಿಗೆ ನಾವು ಏನನ್ನೂ ಇಟ್ಟುಕೊಳ್ಳುವುದಿಲ್ಲ ಅಂತ ಯಾರು ಹೇಳಿದರೋ.

ಇವರು ಹಗ್ಗದಾಚೆಯಿಂದ ಕೂಗಿದರು: "ಓಪನ್‌ಗೆ ಹೋಗ್ಬಿಡೇ! ಲಾಸ್ಟ್ ಪ್ಲೇಸ್ ಎಲ್ಲಿದ್ರೂ ನಿಂದೇ!"

"ರೀ, ಸ್ವಲ್ಪ ಸುಮ್ನಿರಿ."

ಹೆಂಗಸರಲ್ಲಿ ಮುಂದಿದ್ದ ನರ್ಸು ಇವರ ಪಕ್ಕದಲ್ಲೇ ನಿಂತಿದ್ದಳು. ಅವಳ ಕಣ್ಣು ನನ್ನ ಸೊಂಟದ ಮೇಲಿತ್ತು.

ಆ ಚೀಲವನ್ನು ಕಿತ್ತು ಇವರ ಕೈಗೆ ಕೊಟ್ಟೆ. ಉಳಿದದ್ದು ಪಿಸ್ತೂಲಿನೊಳಗಿನದೂ ಸೇರಿ ನಲವತ್ತು ಗುಂಡು. ಒಂದೂ ತಪ್ಪದಿದ್ದರೆ ಮೂವತ್ತೆರಡು ಸಾಕು. ಆದರೆ ನಾನು ಎಂದೂ ತಪ್ಪದೆ ಹೊಡೆದವಳಲ್ಲ. ಮೇಲಾಗಿ ಓಡುವಾಗ ಅರೆಬರೆ ಖಾಲಿಯಾದ ಮ್ಯಾಗಜೀನನ್ನೇ ಬೀಳಿಸಿ ಹೊಸದು ಹಾಕುವುದು ರೂಢಿ. ಇವತ್ತು ಪ್ರತಿಯೊಂದನ್ನೂ ಪೂರ್ತಿ ಬರಿದು ಮಾಡಬೇಕು.

ರಾಯರನ್ನು ನೆನೆದೆ. ಗೆಲ್ಲಿಸು ಅನ್ನಲಿಲ್ಲ. ಕೈ ನಡುಗದಿರಲಿ ಅಂದೆ, ಅಷ್ಟೇ.

ಬೀಪ್ ಸದ್ದಾಯಿತು. ಕಾಗದದ ಗುರಿಗಳು ಪರವಾಗಿಲ್ಲ ಅನ್ನುವಂತೆ ಆದವು. ಮೊದಲ ತಟ್ಟೆಗಳಿಗೇ ಗುಂಡು ದಂಡವಾದವು. ಪಿಸ್ತೂಲು ಬರಿದಾದಾಗಲೆಲ್ಲ ನಿಂತು ತುಂಬಿದೆ, ಗಡಿಯಾರ ಓಡುತ್ತಿತ್ತು. ಕೊನೆಯ ಮ್ಯಾಗಜೀನು ಒಳಗೆ ಹೋಯಿತು. ಕೊನೆಗೆ ಎರಡು ತಟ್ಟೆ, ಮೂರು ಗುಂಡು. ಮೊದಲನೆಯದು ತಪ್ಪಿತು. ಎರಡನೆಯದಕ್ಕೆ ಒಂದು ತಟ್ಟೆ ಠಣ್ಣೆಂದು ಮಲಗಿತು. ಮೂರನೆಯದು ಹಿಂದಿನ ಮಣ್ಣುದಿಬ್ಬಕ್ಕೆ ಹೋಯಿತು. ಉಳಿದ ತಟ್ಟೆ ಅಲ್ಲಾಡದೆ ನಿಂತಿತ್ತು.

ಪಿಸ್ತೂಲು ಖಾಲಿ ಎಂದು ತೋರಿಸಿ ಒರೆಗೆ ಹಾಕಿದೆ. ತೀರ್ಪುಗಾರರು ಅಂಕ ಬರೆಯಲಿಲ್ಲ. ಬಗ್ಗಿ ಮತ್ತೆ ನನ್ನ ಬೆಲ್ಟನ್ನೇ ನೋಡಿದರು. ಓಡುವಾಗ ಅದು ಮುಂದಕ್ಕೆ ಜಾರಿದ್ದರೆ? ಒಂದು ಪಕ್ಕ ನೋಡಿದರು, ಇನ್ನೊಂದು ಪಕ್ಕ ನೋಡಿದರು.

"ಪ್ರೊಡಕ್ಷನ್," ಎಂದು ಬರೆದುಕೊಂಡರು.

ನರ್ಸು ಬಂದು ನನ್ನ ಹೆಗಲು ಹಿಡಿದಳು. "ಡಾರ್ಲ್, ಇಷ್ಟು ಕೆಟ್ಟದಾಗಿ ಹೊಡೆಯುವವರಿಗಾಗಿ ನಾನು ಯಾವತ್ತೂ ಹೀಗೆ ಪ್ರಾರ್ಥಿಸಿರಲಿಲ್ಲ."

ಸಂಜೆ ಹೆಂಗಸರ ಪದಕಕ್ಕೆ ಮೂವರನ್ನು ಕರೆದರು. ಅವಳೇ ಮೊದಲು. ಕೆಳಗುಳಿದ ನಾವಿಬ್ಬರೂ ಕೈ ಉರಿಯುವಷ್ಟು ಚಪ್ಪಾಳೆ ತಟ್ಟಿದೆವು. ಬೆಲ್ಟು ಜಾರಲಿಲ್ಲವಲ್ಲ, ದೇವರು ದೊಡ್ಡವನು.

ಕಾರಿನಲ್ಲಿ ಇವರು ಹೇಳಿದರು: "ಫೋನ್ ಮಾಡಿದಾಗ ಅಮ್ಮನಿಗೆ ಹೆಂಗಸರಲ್ಲಿ ಫಿಫ್ತ್ ಪ್ಲೇಸ್ ಅನ್ನು. ಒಟ್ಟು ಎಷ್ಟು ಜನ ಇದ್ರಿ ಅಂತ ಮಾತ್ರ ಹೇಳ್ಬೇಡ."

"ಅದನ್ನೇ ರೀ ಮೊದಲು ಹೇಳೋದು," ಅಂದೆ.