ಯಾರೂ ಕೊಡದ ಖೋ

ದೆವ್ವ, ಭೂತ, ಜಿನ್ನು ಅಂದರೆ ನನಗೆ ಮೊದಲಿಂದಲೂ ನಗು. ಹುಣಸೆಮರದ ಕೆಳಗೆ ಕೂದಲು ಬಿಚ್ಚಿಕೊಂಡು ಹೋಗಬೇಡ ಎಂದು ನಮ್ಮ ದಾದಿ, ಅಂದರೆ ಅಪ್ಪನ ತಾಯಿ, ಹೇಳಿದರೆ ಬೇಕಂತಲೇ ಹೋಗುತ್ತಿದ್ದೆ. ಅವರು ತೋಳಿಗೆ ಕಟ್ಟಿದ ತಾಯಿತವನ್ನು ಬೀದಿ ತಿರುಗಿದ ಕೂಡಲೇ ಬಿಚ್ಚಿ ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದೆ. ಪತ್ರಿಕೆಗಳಲ್ಲಿ ಯಾರಾದರೂ ಇಂಥ ಅನುಭವ ಬರೆದರೆ, ಪಾಪ, ಆ ದಿನ ಇವರಿಗೆ ಜ್ವರ ಇತ್ತೇನೋ ಅಂದುಕೊಳ್ಳುತ್ತಿದ್ದೆ. ಈಗ ನಾನೇ ಬರೆಯಲು ಕೂತಿದ್ದೇನೆ. ನಿಮಗೆ ನಗು ಬಂದರೆ ನಗಿ, ನನಗೇನೂ ಬೇಜಾರಿಲ್ಲ. ಪೂರ್ತಿ ಓದಿ ಆಮೇಲೆ ನಗಿ, ಅಷ್ಟೇ.

ನಮ್ಮದು ಶಿಡ್ಲಘಟ್ಟ. ಅಬ್ಬಾ ಮನೆಯ ಹಿಂದೆಯೇ ರೇಷ್ಮೆ ನೂಲು ತೆಗೆಯುವ ಶೆಡ್ ಇಟ್ಟುಕೊಂಡಿದ್ದರು. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ಎಳೆ ತೆಗೆದ ಮೇಲೆ ಒಳಗಿನ ಹುಳ ಬೆಂದು ಉಳಿಯುತ್ತದೆ. ಆ ವಾಸನೆ ಗೊತ್ತಿಲ್ಲದವರಿಗೆ ಹೇಳಿ ತಿಳಿಸಲು ಆಗುವುದಿಲ್ಲ, ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಸ್ಕೂಲಿಗೆ ಹೋಗುವ ಮುಂಚೆ ನಾನೂ ಬಿಸಿನೀರಿನ ಮುಂದೆ ಕೂತು ಎಳೆ ಹುಡುಕಿ ಕೊಡುತ್ತಿದ್ದೆ. ಬೆರಳ ತುದಿಯ ಚರ್ಮ ಯಾವಾಗಲೂ ಬಿಳಿಚಿಕೊಂಡು ಸುಲಿಯುತ್ತಿತ್ತು. ಎಷ್ಟು ಸೋಪು ತಿಕ್ಕಿದರೂ ವಾಸನೆ ಜಡೆಯೊಳಗೆ, ಬಟ್ಟೆಯ ಹೊಲಿಗೆಯೊಳಗೆ ಉಳಿದೇ ಬಿಡುತ್ತಿತ್ತು. ಊರಿನ ಅರ್ಧ ಜನ ರೇಷ್ಮೆಯಿಂದಲೇ ಉಣ್ಣುತ್ತಿದ್ದರು, ಮದುವೆಗೆ ರೇಷ್ಮೆ ಸೀರೆಯನ್ನೇ ಉಡುತ್ತಿದ್ದರು. ಹೈಸ್ಕೂಲಿನಲ್ಲಿ ನನ್ನ ಹೆಸರು ಮಾತ್ರ ‘ಹುಳ’ ಎಂದಾಗಿತ್ತು.

ಎಂಬತ್ತರ ದಶಕದ ಮಧ್ಯದ ಮಾತು ಇದು. ನಾನು ಹತ್ತನೇ ಕ್ಲಾಸಿನಲ್ಲಿದ್ದೆ. ಹತ್ತು ಮುಗಿದರೆ ಓದು ಸಾಕು, ಶೆಡ್ಡಿನಲ್ಲಿ ಒಂದು ಕೈ ಕಡಿಮೆ ಇದೆ ಎಂದು ಅಬ್ಬಾ ಆಗಲೇ ಹೇಳಿಬಿಟ್ಟಿದ್ದರು. ಸ್ಕೂಲ್ ಡೇ ಓಟದಲ್ಲಿ ನಾನು ಎಲ್ಲರಿಗಿಂತ ಮುಂದೆ ಬಂದದ್ದನ್ನು ನೋಡಿ ಪಿ.ಟಿ. ಮಾಸ್ಟರು ನನ್ನನ್ನು ಖೊಖೊ ತಂಡಕ್ಕೆ ಸೇರಿಸಿದ್ದರು. ಜಿಲ್ಲಾ ತಂಡಕ್ಕೆ ಆಯ್ಕೆಯಾದರೆ ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಸ್ಪೋರ್ಟ್ಸ್ ಕೋಟಾದಲ್ಲಿ ಸೀಟು ಸಿಗುತ್ತದೆ ಎಂದು ಅವರೇ ಅಬ್ಬಾನಿಗೆ ಹೇಳಿದ್ದರು. ಅಬ್ಬಾ ಗಡ್ಡ ಕೆರೆದುಕೊಂಡು, "ಸೆಲೆಕ್ಷನ್ ಆಗ್ಲಿ ಮಾಸ್ಟ್ರೇ, ಆಮೇಲೆ ನೋಡಣ," ಅಂದರು. ನನಗೆ ಅಷ್ಟೇ ಸಾಕಾಗಿತ್ತು. ಆ ಬಿಸಿನೀರಿನ ಮುಂದಿನಿಂದ ಎದ್ದು ಹೋಗಲು ನನಗಿದ್ದದ್ದು ಅದೊಂದೇ ಬಾಗಿಲು.

ಖೊಖೊ ಆಡದವರಿಗೆ ಒಂದು ಮಾತು ಹೇಳಬೇಕು. ಹಿಡಿಯುವ ತಂಡದವರು ಎರಡು ಕಂಬಗಳ ನಡುವೆ ಸಾಲಾಗಿ ಚೌಕಗಳಲ್ಲಿ ಕೂರುತ್ತಾರೆ, ಒಬ್ಬಳ ಮುಖ ಈ ಕಡೆ, ಪಕ್ಕದವಳ ಮುಖ ಆ ಕಡೆ. ಒಬ್ಬಳು ಮಾತ್ರ ಎದ್ದು ಅಟ್ಟಿಸಿಕೊಂಡು ಹೋಗುತ್ತಾಳೆ. ಅವಳು ಕೂತವಳ ಬೆನ್ನು ಮುಟ್ಟಿ ‘ಖೋ’ ಅಂದರೆ ಮಾತ್ರ ಕೂತವಳು ಏಳಬಹುದು. ಮುಟ್ಟಿದವಳು ಆ ಚೌಕದಲ್ಲಿ ಕೂರುತ್ತಾಳೆ. ಯಾರೂ ಬೆನ್ನು ಮುಟ್ಟದಿದ್ದರೆ ಆಟ ಮುಗಿಯುವವರೆಗೂ ಕೂತೇ ಇರಬೇಕು.

ನನ್ನ ಬೆನ್ನನ್ನು ಯಾರೂ ಮುಟ್ಟುತ್ತಿರಲಿಲ್ಲ. ನಮ್ಮ ಕ್ಯಾಪ್ಟನ್ ವಿಜಯಲಕ್ಷ್ಮಿ, ತಾಲ್ಲೂಕು ಕಚೇರಿ ಗುಮಾಸ್ತರ ಮಗಳು, ಮೊದಲ ದಿನವೇ ಎಲ್ಲರಿಗೂ ಹೇಳಿದ್ದಳು: "ಅವಳಿಗೆ ಯಾರೂ ಖೋ ಕೊಡ್ಬೇಡಿ ಕಣ್ರೇ. ಮುಟ್ಟಿದ ಕೈಯಲ್ಲೇ ಊಟ ಮಾಡ್ಬೇಕು ನಾವು." ನಾನು ಕೇಳಿಸಿಕೊಳ್ಳಲಿ ಎಂದೇ ಹೇಳಿದ್ದು. ನಮ್ಮ ಕೇರಿಯ ಶಾಹಿನಾ, ಬಟ್ಟೆ ಅಂಗಡಿಯವರ ಮಗಳು, ಎಲ್ಲರಿಗಿಂತ ಜೋರಾಗಿ ನಕ್ಕಳು. ನಮ್ಮವಳಲ್ಲವಾ ಅಂದುಕೊಂಡಿದ್ದೆ, ಆ ಭ್ರಮೆ ಅವತ್ತೇ ಬಿಟ್ಟಿತು. ಓಡುವ ಸರದಿ ಬಂದರೆ ನನ್ನನ್ನು ಕೊನೆಯ ಗುಂಪಿಗೆ ಹಾಕುತ್ತಿದ್ದರು. ಕೊನೆಯ ಗುಂಪಿನವರೆಗೆ ಆಟ ಬರುತ್ತಲೇ ಇರಲಿಲ್ಲ. ಒಂದು ದಿನ ಅಳುತ್ತಾ ಪಿ.ಟಿ. ಮಾಸ್ಟರ ಹತ್ತಿರ ಹೋದೆ. ಅವರು ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತಾ, "ಸ್ವಲ್ಪ ಚೆನ್ನಾಗಿ ಸ್ನಾನ ಮಾಡ್ಕೊಂಡ್ ಬಾರಮ್ಮ," ಅಂದರು. ತಂಡ ಗೆಲ್ಲುತ್ತಿತ್ತು, ಅವರಿಗೆ ಅದಕ್ಕಿಂತ ಹೆಚ್ಚೇನೂ ಬೇಕಿರಲಿಲ್ಲ.

ಒಬ್ಬಳನ್ನು ಮಾತ್ರ ನಾನು ಬೇರೆ ಎಂದು ನಂಬಿದ್ದೆ. ನಾಗವೇಣಿ ಅಂತ, ಸಾಲಿನಲ್ಲಿ ನನ್ನ ಪಕ್ಕದ ಚೌಕದವಳು. ಅವಳು ಮೂಗು ಮುಚ್ಚಿಕೊಳ್ಳುತ್ತಿರಲಿಲ್ಲ. ಒಂದೆರಡು ಸಲ ನನ್ನ ಕಡೆ ನೋಡಿ ಸಣ್ಣಗೆ ನಕ್ಕಿದ್ದಳು. ಆ ವಯಸ್ಸಿನಲ್ಲಿ, ಆ ಸ್ಥಿತಿಯಲ್ಲಿ ಅಷ್ಟು ನಗು ತಿಂಗಳುಗಟ್ಟಲೆ ಸಾಕಾಗುತ್ತದೆ.

ಕೊನೆಯ ಪಂದ್ಯ ಚಿಂತಾಮಣಿಯಲ್ಲಿ, ಗೌರಿಬಿದನೂರಿನ ತಂಡದ ಮೇಲೆ. ಆಗ ನಾವೆಲ್ಲ ಕೋಲಾರ ಜಿಲ್ಲೆಯವರು. ಜಿಲ್ಲಾ ತಂಡಕ್ಕೆ ಆರಿಸುವವರು ಶಾಮಿಯಾನದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಇವತ್ತಾದರೂ ಒಂದು ಸಲ ಕೊಡಿ ಎಂದು ಬಸ್ಸಿನಲ್ಲೇ ವಿಜಯಲಕ್ಷ್ಮಿಯನ್ನು ಬೇಡಿಕೊಂಡಿದ್ದೆ. ಅವಳು ಕಿಟಕಿಯ ಗಾಜು ಸರಿಸಿ ಗಾಳಿಗೆ ಮುಖ ಒಡ್ಡಿದಳು, ಬಸ್ಸೆಲ್ಲ ನಕ್ಕಿತು.

ಸಂಜೆಯಾಗುತ್ತಿತ್ತು, ಕೆಂಪು ಧೂಳು ಎದ್ದಿತ್ತು. ಇನ್ನೇನು ಸಮಯ ಮುಗಿಯಬೇಕು, ಎದುರು ತಂಡದಲ್ಲಿ ಒಬ್ಬಳೇ ಉಳಿದಿದ್ದಳು. ಉದ್ದನೆಯ ಹುಡುಗಿ, ಜಿಂಕೆಯ ಹಾಗೆ ಓಡುತ್ತಿದ್ದಳು. ಅವಳು ಔಟಾದರೆ ನಾವು ಗೆದ್ದಂತೆ. ಅಟ್ಟಿಸಿಕೊಂಡು ಹೋದ ವಿಜಯಲಕ್ಷ್ಮಿ ದೂರದ ಕಂಬದ ಹತ್ತಿರ ಕಾಲು ಜಾರಿ ಬಿದ್ದಳು. ಬಿದ್ದದ್ದನ್ನು ನಾನು ಕಣ್ಣಾರೆ ನೋಡಿದೆ. ಕಣಕಾಲು ಹಿಡಿದುಕೊಂಡು ಅಲ್ಲೇ ಕೂತಳು. ಆ ಉದ್ದನೆಯ ಹುಡುಗಿ ದಣಿವಾರಿಸಿಕೊಳ್ಳಲು ನನ್ನ ಎದುರಿಗೇ, ಕೈಗೆಟುಕುವ ದೂರದಲ್ಲಿ ಬಂದು ನಿಂತಳು. ನನಗೆ ಯಾರೂ ಖೋ ಕೊಡುವುದಿಲ್ಲ, ನಾನು ಏಳುವುದಿಲ್ಲ ಎಂದು ಅಷ್ಟು ಹೊತ್ತಿಗೆ ಅವರಿಗೂ ಗೊತ್ತಾಗಿತ್ತು. ನನ್ನನ್ನು ನೋಡಿ ಹಲ್ಲು ಕಿರಿದಳು.

ಆಗ ನನ್ನ ಬೆನ್ನ ಮೇಲೆ ಒಂದು ಅಂಗೈ ಬಿತ್ತು. ತಣ್ಣಗೂ ಇರಲಿಲ್ಲ, ಬೆಂಕಿಯ ಹಾಗೂ ಇರಲಿಲ್ಲ. ಯಾರದ್ದಾದರೂ ಕೈ ಹೇಗಿರುತ್ತದೋ ಹಾಗಿತ್ತು. ಕಿವಿಯ ಹತ್ತಿರ ಮೆಲ್ಲಗೆ, "ಖೋ." ಕೂಗಿದ್ದಲ್ಲ, ಹೇಳಿದ್ದು. ನಾನು ಎದ್ದು ಹಾರಿ ಆ ಹುಡುಗಿಯ ಭುಜ ಮುಟ್ಟಿದ್ದು ನನಗೇ ಗೊತ್ತಾಗಲಿಲ್ಲ. ಸೀಟಿ ಕೂಗಿತು. ಔಟ್.

ತಿರುಗಿ ನೋಡಿದೆ. ನನ್ನ ಚೌಕದಲ್ಲಿ ಒಬ್ಬಳು ಕೂತಿದ್ದಳು. ನಮ್ಮದೇ ನೀಲಿ ಸ್ಕರ್ಟು, ಎರಡು ಜಡೆ, ತಲೆ ಬಗ್ಗಿಸಿಕೊಂಡಿದ್ದಳು. ಮುಖ ಕಾಣಲಿಲ್ಲ. ಪಕ್ಕದಲ್ಲಿ ನಾಗವೇಣಿ ತನ್ನ ಚೌಕದಲ್ಲೇ ಇದ್ದಳು. ಸಾಲಿನಲ್ಲಿ ಒಂದು ಚೌಕವೂ ಖಾಲಿ ಇರಲಿಲ್ಲ. ವಿಜಯಲಕ್ಷ್ಮಿ ಇನ್ನೂ ಕಂಬದ ಬುಡದಲ್ಲಿ ನರಳುತ್ತಿದ್ದಳು. ನಮ್ಮ ತಂಡದವರು ಇದ್ದಷ್ಟೂ ಜನ ಕಣ್ಣಿಗೆ ಕಾಣುತ್ತಿದ್ದರು, ಅವರಲ್ಲದೆ ಇನ್ನೊಬ್ಬಳು. ಅಷ್ಟರಲ್ಲಿ ಎಲ್ಲರೂ ಕಿರುಚುತ್ತಾ ಎದ್ದರು, ಧೂಳು ಮುಚ್ಚಿತು, ಸಾಲು ಚದುರಿತು. ನನ್ನ ಕಣ್ಣಲ್ಲಿ ನೀರಿತ್ತು, ತಪ್ಪು ಎಣಿಸಿರಬಹುದು ಎಂದು ನೀವು ಅನ್ನಬಹುದು. ನಾನೂ ಎಷ್ಟೋ ಸಲ ಹಾಗೇ ಅಂದುಕೊಂಡಿದ್ದೇನೆ.

ಆದರೆ ಅಂಪೈರನ ಕಣ್ಣಲ್ಲಿ ನೀರಿರಲಿಲ್ಲ. ಗೌರಿಬಿದನೂರಿನ ಮಾಸ್ಟರು ಓಡಿ ಬಂದು, "ಅವಳು ಅಲ್ಲಿ ಬಿದ್ದಿದಾಳೆ, ಇಲ್ಲಿ ಖೋ ಕೊಟ್ಟವರು ಯಾರು ಸ್ವಾಮಿ?" ಎಂದು ಜಗಳ ತೆಗೆದರು. ಅಂಪೈರ್ ಸಮಾಧಾನದಿಂದಲೇ, "ನಾನೇ ನೋಡಿದೀನಿ. ಆ ಹುಡುಗಿ ಬೆನ್ನು ಮುಟ್ಟಿದ್ಲು, ಖೋ ಅಂದ್ಲು, ಕೂತ್ಕೊಂಡ್ಲು. ಎಲ್ಲಾ ಸರಿಯಾಗೈತೆ," ಅಂದರು. ಯಾವ ಹುಡುಗಿ ಎಂದಾಗ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ದಿಟ್ಟಿಸಿ ನೋಡಿದರು. "ಇವರಲ್ಲೇ ಒಬ್ಳು," ಅಂದರು. ಬೆರಳು ತೋರಿಸಲು ಮಾತ್ರ ಅವರಿಂದ ಆಗಲಿಲ್ಲ.

ಆಯ್ಕೆಯಾದವರ ಹೆಸರು ಓದಿದಾಗ ಅದರಲ್ಲಿ ನನ್ನದೂ ಇತ್ತು. ವಿಜಯಲಕ್ಷ್ಮಿಯದು ಇರಲಿಲ್ಲ. ಮನೆಗೆ ಬಂದು ಹೇಳಿದೆ. ಅಬ್ಬಾ ಹೊರಗೆ ಹೋಗಿ ಜಿಲೇಬಿ ತಂದರು. ನಾನು ಬದುಕಿನಲ್ಲಿ ಅಷ್ಟು ಸಂತೋಷವಾಗಿ ಮಲಗಿದ್ದು ಅದೊಂದೇ ರಾತ್ರಿ.

ಮಾರನೇ ದಿನ ವಿಜಯಲಕ್ಷ್ಮಿ ಕುಂಟುತ್ತಾ ಬಂದು, ತನ್ನ ಮಾತು ಮೀರಿ ಖೋ ಕೊಟ್ಟವರು ಯಾರು ಎಂದು ಎಲ್ಲರನ್ನೂ ನಿಲ್ಲಿಸಿಕೊಂಡಳು. ಎಲ್ಲರೂ ನಾನಲ್ಲ, ನಾನಲ್ಲ ಅಂದರು. ಆಗ ಎಲ್ಲರನ್ನೂ ನಮ್ಮ ಸ್ಕೂಲಿನ ಮೈದಾನದ ಪಕ್ಕದ ಗಂಗಮ್ಮನ ಗುಡಿಗೆ ಎಳೆದುಕೊಂಡು ಹೋದಳು. ನಮ್ಮ ಕಡೆ ಕರ್ಪೂರ ಹಚ್ಚಿ ಅಂಗೈಯಿಂದ ಬಡಿದು ಆರಿಸಿ ಆಣೆ ಮಾಡಿದರೆ ಅದರ ಮೇಲೆ ಮಾತಿಲ್ಲ. ಸುಳ್ಳು ಆಣೆ ಮಾಡಿದವಳ ಮನೆ ಉದ್ಧಾರವಾಗುವುದಿಲ್ಲ ಎಂದು ಚಿಕ್ಕ ಮಕ್ಕಳೂ ನಂಬಿದ್ದ ಕಾಲ. ಒಬ್ಬೊಬ್ಬಳೇ ಬಂದು, "ನಾನು ಇವಳನ್ನು ಮುಟ್ಟಿಲ್ಲ," ಎಂದು ಕರ್ಪೂರ ಆರಿಸಿದಳು. ಶಾಹಿನಾ ಹೊರಗೆ ನಿಂತು ಅಲ್ಲಾನ ಮೇಲೆ ಆಣೆ ಮಾಡಿದಳು. ನಾಗವೇಣಿಯ ಸರದಿ ಬಂದಾಗ ನಾನು ಒಂದು ಹೆಜ್ಜೆ ಮುಂದೆ ಬಂದೆ. ಅವಳು ನನ್ನ ಮುಖ ನೋಡಿದಳು, ಬಗ್ಗಿದಳು, ಉರಿಯುವ ಕರ್ಪೂರದ ಮೇಲೆ ಅಂಗೈ ಇಟ್ಟು ಒತ್ತಿದಳು. "ನಾನು ಮುಟ್ಟಿಲ್ಲ," ಅಂದಳು.

ವಿಜಯಲಕ್ಷ್ಮಿ ಅಲ್ಲಿಂದ ನೇರವಾಗಿ ಪಿ.ಟಿ. ಮಾಸ್ಟರ ಹತ್ತಿರ ಹೋದಳು, ಸಂಜೆ ಅವಳ ಅಪ್ಪ ಹೆಡ್‌ಮಾಸ್ಟರ ಹತ್ತಿರ ಹೋದರು. ಯಾರೂ ಖೋ ಕೊಟ್ಟಿಲ್ಲ ಅಂದರೆ ನಾನೇ ಎದ್ದೆ ಎಂದಾಯಿತು, ನಾನೇ ಎದ್ದೆ ಅಂದರೆ ಮೋಸ ಎಂದಾಯಿತು. ಮಾಸ್ಟರು ನನ್ನನ್ನು ಕರೆದು, "ಅಷ್ಟೂ ಜನ ದೇವರ ಮುಂದೆ ಆಣೆ ಮಾಡಿದಾರಲ್ಲಮ್ಮ, ನಿನ್ ಕಡೆ ಯಾರಿದಾರೆ ಹೇಳು," ಅಂದರು. ಅಂಪೈರ್ ಇದ್ದಾರಲ್ಲ ಸಾರ್ ಅಂದೆ. "ಅವ್ರು ಚಿಂತಾಮಣಿಲಿದಾರೆ," ಅಂದರು, ಚಿಂತಾಮಣಿ ಏಳು ಸಮುದ್ರದಾಚೆ ಇದ್ದ ಹಾಗೆ. ಜಿಲ್ಲಾ ತಂಡದಿಂದ ನನ್ನ ಹೆಸರು ತೆಗೆದು ವಿಜಯಲಕ್ಷ್ಮಿಯ ಹೆಸರು ಹಾಕಿಸಿದರು. ಆ ಪಂದ್ಯದಲ್ಲಿ ಗೆದ್ದು ತಂದ ಕಪ್ಪನ್ನು ಮಾತ್ರ ಯಾರೂ ವಾಪಸು ಕೊಡಲಿಲ್ಲ. ಮೋಸದ ಗೆಲುವು ಇರಬಹುದು, ಮೋಸಗಾತಿ ಇರಬಾರದು.

ಪರೀಕ್ಷೆ ಮುಗಿದ ಮಾರನೇ ಬೆಳಿಗ್ಗೆಯಿಂದ ನಾನು ಶೆಡ್ಡಿನಲ್ಲಿ ಕೂತೆ. ಅಬ್ಬಾ ಬೈಯಲಿಲ್ಲ, ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಎಷ್ಟೋ ವರ್ಷದ ಮೇಲೆ ಹಠ ಹಿಡಿದು ಮನೆಯಲ್ಲೇ ಓದಿ ಪರೀಕ್ಷೆ ಕಟ್ಟಿದ್ದು, ಪತ್ರಿಕೆಗಳಿಗೆ ಬರೆಯಲು ಹತ್ತಿದ್ದು ಬೇರೆ ಕಥೆ.

ಬಿಸಿನೀರಿನ ಮುಂದೆ ಕೂತ ಆ ವರ್ಷಗಳಲ್ಲಿ ನಾನು ಒಂದನ್ನೇ ನಂಬಿಕೊಂಡಿದ್ದೆ. ದೆವ್ವವೂ ಇಲ್ಲ, ಜಿನ್ನೂ ಇಲ್ಲ. ಖೋ ಕೊಟ್ಟವಳು ನಾಗವೇಣಿ. ಧೂಳಿನಲ್ಲಿ ಹೇಗೋ ಕೈ ಚಾಚಿದ್ದಾಳೆ, ವಿಜಯಲಕ್ಷ್ಮಿಗೆ ಹೆದರಿ ಗಂಗಮ್ಮನ ಮುಂದೆ ಸುಳ್ಳು ಹೇಳಿದ್ದಾಳೆ. ನನ್ನನ್ನು ಹಾಳು ಮಾಡಿದಳು, ನಿಜ. ಆದರೂ ಒಂದು ಸಲ ಮುಟ್ಟಿದಳಲ್ಲ. ಆ ಲೆಕ್ಕದಲ್ಲಿ ಅವಳನ್ನು ಕ್ಷಮಿಸಿಯೂ ಬಿಟ್ಟಿದ್ದೆ.

ತೊಂಬತ್ತರ ದಶಕದ ಕೊನೆಯಲ್ಲಿ ಅವಳು ನಮ್ಮೂರಿನ ಗೂಡಿನ ಮಾರುಕಟ್ಟೆಯಲ್ಲಿ ಸಿಕ್ಕಳು. ದಿಬ್ಬೂರಹಳ್ಳಿಗೆ ಕೊಟ್ಟಿದ್ದರಂತೆ, ಗಂಡನ ಜೊತೆ ಗೂಡು ಮಾರಲು ಬಂದಿದ್ದಳು. ಗುರುತು ಹಿಡಿದು ಹತ್ತಿರ ಬಂದಳು, ಆದರೆ ಒಂದು ಮಾರು ದೂರದಲ್ಲೇ ನಿಂತಳು. ಮಕ್ಕಳು ಮರಿ ಎಲ್ಲ ವಿಚಾರಿಸಿದ ಮೇಲೆ ನಾನು ತಡೆಯಲಾರದೆ ಕೇಳಿಯೇಬಿಟ್ಟೆ. "ಈಗ ಹೇಳೇ ನಾಗು, ನನಗೇನೂ ಕೋಪ ಇಲ್ಲ. ಅವತ್ತು ಖೋ ಕೊಟ್ಟೋಳು ನೀನೇ ತಾನೆ?"

ಅವಳು ನಿಜವಾಗಿಯೂ ಗಾಬರಿಯಾದಳು. "ಅಯ್ಯೋ, ನಾನಲ್ಲ ಕಣೇ! ನನ್ ಮಕ್ಕಳಾಣೆ ನಾನಲ್ಲ," ಅಂದಳು. ಆಮೇಲೆ ನನಗೆ ಸಮಾಧಾನವಾಗಲಿ ಎಂದೇ ಇರಬೇಕು, ಮೆಲ್ಲಗೆ ಹೇಳಿದಳು: "ನಿನ್ನ ಕಂಡ್ರೆ ನಂಗೆ ಪಾಪ ಅನ್ನಿಸ್ತಿತ್ತು. ಆದ್ರೆ ಮುಟ್ಟೋಕೆ ನನ್ ಕೈಲೂ ಆಗ್ತಿರ್ಲಿಲ್ಲ ಕಣೇ."

ಗಂಡ ಕೂಗಿದ, ಹೋದಳು. ಅವಳು ಹೇಳಿದ್ದು ಸುಳ್ಳಲ್ಲ ಎಂದು ನನಗೆ ಗೊತ್ತು. ಮಕ್ಕಳ ಮೇಲೆ ಆಣೆ ಇಟ್ಟು ಅಂಥ ಮಾತನ್ನು ಯಾರೂ ಕಟ್ಟಿ ಹೇಳುವುದಿಲ್ಲ. ಹಾಗಾದರೆ ಅದು ಏನು, ಎಲ್ಲಿಂದ ಬಂತು, ಯಾಕೆ ಬಂತು? ನನಗೆ ಇವತ್ತಿಗೂ ತಿಳಿಯದು. ನೀವು ದೆವ್ವ ಅಂದರೆ ಈಗ ನಾನು ನಗುವುದಿಲ್ಲ. ಅದೇನೇ ಆಗಿರಲಿ, ಆ ಮೈದಾನದಲ್ಲಿ ನನ್ನನ್ನು ಮುಟ್ಟಲು ಹೇಸದೆ ಇದ್ದದ್ದು ಅದೊಂದೇ.